ಸ್ವೂನ್‌ವರ್ದಿ ಮತ್ತು ಬಬ್ಬೂರಿನ ಬೋರ್ಡು

ದಿನಕ್ಕೊಂದು ಸಲವಾದರೂ ಫೋನಿನಲ್ಲಿ ಕಣ್ಣಿಗೆ ಬೀಳುವ ಪದ ಇದು: ಸ್ವೂನ್‌ವರ್ದಿ. ಹೀರೋ ಗಡ್ಡ ಬಿಟ್ಟು ಫೋಟೊ ಹಾಕಿದರೆ ಸ್ವೂನ್‌ವರ್ದಿ. ಮದುವೆ ರೀಲ್ಸಿನಲ್ಲಿ ಹುಡುಗ ಬಗ್ಗಿ ಹುಡುಗಿಯ ಚಪ್ಪಲಿಯ ಬೆಲ್ಟ್ ಹಾಕಿಕೊಟ್ಟರೆ ಸ್ವೂನ್‌ವರ್ದಿ. ವೆಬ್ ಸೀರೀಸಿನಲ್ಲಿ ಒಬ್ಬ ಮಳೆಯಲ್ಲಿ ಕೊಡೆ ಹಿಡಿದು ಸುಮ್ಮನೆ ನಿಂತರೂ ಅದೇ. ಇದಕ್ಕೊಬ್ಬಳು ತಂಗಿಯೂ ಇದ್ದಾಳೆ, ಕ್ರಶ್‌ವರ್ದಿ. ಎರಡೂ ಜೋಡಿಪದಗಳು, ಎರಡು ಪದ ಸೇರಿಸಿ ಹೊಲಿದ ವಿಶೇಷಣಗಳು. ಓದುವಾಗ ಏನೂ ತೊಡಕಿಲ್ಲ, ಅರ್ಥ ಆಗೇ ಆಗುತ್ತೆ. ಕನ್ನಡದಲ್ಲಿ ಹೇಳು ನೋಡೋಣ ಅಂದಾಗ ಮಾತ್ರ ನಾಲಿಗೆ ತಡವರಿಸುತ್ತೆ.

ಹೀಗೆ ತಡವರಿಸಿದವಳು ಹಿರಿಯೂರು ತಾಲ್ಲೂಕು ಬಬ್ಬೂರಿನ ಒಬ್ಬ ಓದುಗಳು. ಈಗ ಬೆಂಗಳೂರಲ್ಲಿ ಕೆಲಸ, ಪೀಜಿಯಲ್ಲಿ ವಾಸ. ರೂಮ್‌ಮೇಟ್ ಇವಳ ಫೋಟೊ ಸ್ಟೇಟಸ್ಸಿಗೆ ಹಾಕಿ ಕೆಳಗೆ ಈ ಪದ ಬರೆದಿದ್ದಾಳೆ. ಊರಲ್ಲಿ ಪಕ್ಕದ ಮನೆ ಹುಡುಗ ಅದನ್ನು ಅಮ್ಮನಿಗೆ ಓದಿ ಹೇಳಿದ್ದಾನೆ. ಅಮ್ಮ ಫೋನ್ ಮಾಡಿದರು. “ಅದೇನೋ ಬರ್ದವ್ಳಂತಲ್ಲ ಆ ಹುಡ್ಗಿ, ಹಂಗಂದ್ರೇನವ್ವ?” ಮಗಳು, “ಚೆನ್ನಾಗಿ ಕಾಣ್ತೀನಿ ಅಂತ ಕಣಮ್ಮ” ಅಂದಳು. ಅಮ್ಮ ಬಿಡಲಿಲ್ಲ. “ಅಷ್ಟೇ ಆಗಿದ್ರೆ ಅಷ್ಟುದ್ದ ಯಾಕ್ ಬರೀತಿದ್ಲು?”

ಅವಳ ಮೆಸೇಜಿನಲ್ಲಿ ಇನ್ನೊಂದು ಸಾಲಿತ್ತು. ಹೋದ ತಿಂಗಳು ಒಂದು ಮನೆಯವರು ಅವಳನ್ನು ನೋಡಿಕೊಂಡು ಹೋಗಿದ್ದರು. ಮಂಡಕ್ಕಿ, ಕಾಫಿ, ಊರು, ಗೋತ್ರ, ಸಂಬಳ ಎಲ್ಲ ಆಯ್ತು. ವಾರ ಕಳೆದ ಮೇಲೆ ಸೋದರಮಾವನ ಬಾಯಲ್ಲಿ ಉತ್ತರ ಬಂತು: ಹುಡುಗಿ ಸುಮಾರು. “ಒಂದೇ ತಿಂಗಳಲ್ಲಿ ನಾನು ಸುಮಾರೂ ಆದೆ, ಸ್ವೂನ್‌ವರ್ದಿಯೂ ಆದೆ. ಎರಡೂ ಪದದ ಜಾತಕ ಹೇಳಿ” ಅಂತ ಕೇಳಿದ್ದಾಳೆ. ತಮಾಷೆಯಾಗಿಯೇ ಬರೆದಿದ್ದಾಳೆ, ಆದರೆ ಆ ‘ಸುಮಾರು’ ಎಲ್ಲಿ ಚುಚ್ಚಿದೆ ಅಂತ ಹೆಣ್ಣು ನೋಡುವ ಶಾಸ್ತ್ರಕ್ಕೆ ಒಮ್ಮೆ ಕೂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಸ್ವೂನ್. ಹಾಗಂದರೆ ಮೂರ್ಛೆ ಹೋಗುವುದು, ತಲೆ ತಿರುಗಿ ಬೀಳುವುದು. ಹಳೆಯ ಇಂಗ್ಲಿಷಿನಲ್ಲಿ ‘ಗೆಸ್ವೋಗೆನ್’ ಅಂತ ಒಂದು ಪದ ಇತ್ತು, ಪ್ರಜ್ಞೆ ತಪ್ಪಿದ ಸ್ಥಿತಿ ಅಂತ ಅದರರ್ಥ. ಅದು ಯಾವ ಕ್ರಿಯಾಪದದಿಂದ ಬಂತೋ ಆ ಕ್ರಿಯಾಪದವೇ ಭಾಷೆಯಿಂದ ಕಳೆದುಹೋಗಿದೆ. ಅದರ ನಂಟಿನ ಇನ್ನೊಂದು ಪದ ಮಾತ್ರ ಉಳಿದಿತ್ತು, ಅರ್ಥ ಉಸಿರು ಕಟ್ಟುವುದು. ಅಂದರೆ ಪದದ ಬೇರಿನಲ್ಲಿ ಪ್ರೀತಿ ಪ್ರೇಮ ಏನೂ ಇಲ್ಲ. ಇರುವುದು ಡಾಕ್ಟರ ಹತ್ತಿರ ಓಡಬೇಕಾದ ಸಂಗತಿ. ನಂತರ ಶತಮಾನಗಳ ಕಾಲ ಕಥೆ ಕಾದಂಬರಿಗಳಲ್ಲಿ ಹೆಂಗಸರು ದುಃಖಕ್ಕೆ ಬಿದ್ದರು, ಗಾಬರಿಗೆ ಬಿದ್ದರು, ಪ್ರೇಮಕ್ಕೂ ಬಿದ್ದರು. ಬೀಳುತ್ತ ಬೀಳುತ್ತ ಪದವೂ ಪ್ರೇಮದ ಮಡಿಲಿಗೇ ಬಿತ್ತು.

ಈ ಬೀಳುವಿಕೆಯನ್ನು ಪತ್ರಿಕೆಗಳ ತಲೆಬರಹ ಮಾಡಿದ್ದು ಗಾಯಕ ಫ್ರಾಂಕ್ ಸಿನಾಟ್ರಾ. 1942ರ ಡಿಸೆಂಬರ್ 30ರಂದು ನ್ಯೂಯಾರ್ಕಿನ ಪ್ಯಾರಾಮೌಂಟ್ ಥಿಯೇಟರಿನಲ್ಲಿ ಅವನು ಹಾಡಲು ನಿಂತಾಗ ಹದಿಹರೆಯದ ಹುಡುಗಿಯರು ಕಿರುಚಿಕೊಂಡರು, ಕೆಲವರು ಕುಸಿದರು. ಪತ್ರಿಕೆಗಳು ಅವನ ಹೆಸರನ್ನೇ ‘ಸ್ವೂನಾಟ್ರಾ’ ಅಂತ ತಿರುಚಿದವು. 1944ರ ಅಕ್ಟೋಬರಿನಲ್ಲಿ ಅವನು ಮತ್ತೆ ಅದೇ ಥಿಯೇಟರಿಗೆ ಬಂದಾಗ ಬೀದಿಯಲ್ಲಿ ನೂಕುನುಗ್ಗಲಾಗಿ ಪೊಲೀಸರು ಬರಬೇಕಾಯ್ತು. ಅವನ ಪ್ರಚಾರ ನೋಡಿಕೊಳ್ಳುತ್ತಿದ್ದ ಜಾರ್ಜ್ ಎವಾನ್ಸ್ ಶುರುವಿನಲ್ಲಿ ಕೆಲವು ಹುಡುಗಿಯರಿಗೆ ದುಡ್ಡು ಕೊಟ್ಟು ಕಿರುಚಿಸಿದ್ದ ಅನ್ನುವುದು ಆಮೇಲೆ ಹೊರಬಿದ್ದ ಕಥೆ. ಇವತ್ತಿನ ಪೇಯ್ಡ್ ಪ್ರಮೋಷನ್ ನೋಡಿ ನಾವೇ ಬೆರಗಾಗುತ್ತೇವೆ, ಆಗಲೇ ಅದಕ್ಕೆ ಎಂಬತ್ತು ವರ್ಷ.

ಇನ್ನು ವರ್ದಿ. ಇದು ಬೆಲೆ ಅನ್ನುವ ಹಳೆಯ ಪದದಿಂದ ಬಂದದ್ದು. ಬೆಲೆಯುಳ್ಳ, ಯೋಗ್ಯ, ಅರ್ಹ. ಇದನ್ನು ಬಾಲದ ಹಾಗೆ ಅಂಟಿಸುವ ಅಭ್ಯಾಸ ಇಂಗ್ಲಿಷಿಗೆ ಬಹಳ ಹಿಂದಿನದು. ಹೊಗಳಿಕೆಗೆ ಯೋಗ್ಯ, ನಿಂದೆಗೆ ಯೋಗ್ಯ ಅನ್ನುವ ಜೋಡಿಪದಗಳು ಮಧ್ಯಯುಗದಿಂದಲೇ ಇವೆ. 19ನೇ ಶತಮಾನದ ಆರಂಭದಲ್ಲಿ ‘ಸೀವರ್ದಿ’ ಬಂತು, ಕಡಲಿಗಿಳಿಸಲು ಲಾಯಕ್ಕಾದ ಹಡಗು. ಅದರ ಹಿಂದೆಯೇ ‘ರೋಡ್‌ವರ್ದಿ’. ನಮ್ಮ ಹಿರಿಯೂರಿನ ಹೈವೇಯಲ್ಲಿ ನಿಂತ ಲಾರಿ ಡ್ರೈವರನ್ನು ಕೇಳಿದರೆ ರೋಡ್‌ವರ್ದಿ ಅಂದರೇನು ಅಂತ ಒಂದೇ ಮಾತಲ್ಲಿ ಹೇಳುತ್ತಾನೆ: ಎಫ್‌ಸಿ ಆಗಿದೆ ಸಾರ್. ಬ್ರೇಕ್ ಇದೆಯಾ, ಲೈಟ್ ಇದೆಯಾ, ಟೈರ್ ಸವೆದಿಲ್ಲ ತಾನೇ. ಆರ್‌ಟಿಓ ಕಚೇರಿಯಲ್ಲಿ ನೋಡಿ ಸಹಿ ಹಾಕಿ ಕೊಡುತ್ತಾರೆ.

ಹಾಗಾದರೆ ಸ್ವೂನ್‌ವರ್ದಿಯನ್ನು ಅಕ್ಷರಶಃ ಕನ್ನಡ ಮಾಡಿದರೆ ‘ಮೂರ್ಛಾರ್ಹ’. ಮೂರ್ಛಾರ್ಹ ವರ, ಮೂರ್ಛಾರ್ಹ ವಧು. ಬಾಯಿ ಬಿಟ್ಟು ಹೇಳಿ ನೋಡಿ, ನಗು ತಡೆಯೋಕಾಗಲ್ಲ.

ಆದರೆ ಈ ‘ವರ್ದಿ’ ಬಾಲ ನಮ್ಮಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ದಿನಾ ಬಳಸುತ್ತೇವೆ, ಬಾಲ ಅಂತ ಗೊತ್ತಾಗುವುದಿಲ್ಲ ಅಷ್ಟೇ. ಶ್ಲಾಘನೀಯ, ಸ್ಮರಣೀಯ, ಪೂಜನೀಯ, ಶೋಚನೀಯ. ಕೊನೆಯಲ್ಲಿರುವ ಆ ‘ಅನೀಯ’ವೇ ನಮ್ಮ ವರ್ದಿ. ಪಾಣಿನಿಯ ವ್ಯಾಕರಣದಲ್ಲಿ ಈ ಪ್ರತ್ಯಯದ ಹೆಸರು ಅನೀಯರ್. ನೆನೆಯಲು ಯೋಗ್ಯವಾದದ್ದು ಸ್ಮರಣೀಯ, ಮರುಗಲು ಯೋಗ್ಯವಾದದ್ದು ಶೋಚನೀಯ, ನಮ್ಮ ಎಷ್ಟೋ ಊರುಗಳ ರಸ್ತೆಗಳ ಹಾಗೆ. ಇದೇ ಬಾಲವನ್ನು ‘ಕಮ್’ ಅನ್ನುವ ಧಾತುವಿಗೆ, ಅಂದರೆ ಬಯಸು ಅನ್ನುವ ಧಾತುವಿಗೆ ಹಚ್ಚಿದರೆ ಕಮನೀಯ. ಕಾಮ ಅನ್ನುವ ಪದವೂ ಅದೇ ಧಾತುವಿನ ಮಗು. ಕಮನೀಯ ಅಂದರೆ ಬಯಸಲು ಯೋಗ್ಯ. ಕ್ರಶ್‌ವರ್ದಿಗೆ ಇದಕ್ಕಿಂತ ತೂಕದ ಪದ ಸಿಗುವುದು ಕಷ್ಟ. ಆದರೆ ನಾವು ಇವತ್ತು ಕಮನೀಯವನ್ನು ಹೂವಿಗೂ ನಾಟ್ಯಕ್ಕೂ ಬಿಟ್ಟುಕೊಟ್ಟಿದ್ದೇವೆ. ರಮಣೀಯ ಜಲಪಾತಕ್ಕೆ ಹೋಯಿತು, ಪ್ರೇಕ್ಷಣೀಯ ಟೂರಿಸ್ಟ್ ಬಸ್ಸಿನ ಪಾಲಾಯಿತು. ಮನುಷ್ಯರಿಗೆ ಉಳಿದದ್ದು ಸೂಪರ್, ಮಸ್ತ್.

ಮಸ್ತ್ ಅಂದಾಗ ನೆನಪಾಯಿತು. ಪರ್ಷಿಯನ್ನಿನಲ್ಲಿ ಅದರರ್ಥ ಕುಡಿದು ಅಮಲೇರಿದ. ‘ನೋಡಿ ಫಿದಾ ಆದೆ’ ಅಂತೀವಲ್ಲ, ಆ ಫಿದಾ ಅರಬ್ಬಿಯಿಂದ ಬಂದದ್ದು. ಒತ್ತೆ, ಬಲಿ, ಪ್ರಾಣ ಅರ್ಪಿಸುವುದು. ಇಂಗ್ಲಿಷಿನವರು ‘ಡ್ರಾಪ್ ಡೆಡ್ ಗಾರ್ಜಿಯಸ್’ ಅನ್ನುತ್ತಾರೆ, ನೋಡಿದವರು ಅಲ್ಲೇ ಸತ್ತು ಬೀಳುವಷ್ಟು ಚೆಲುವು. ತಮಾಷೆ ಅಂದರೆ ‘ಡ್ರಾಪ್ ಡೆಡ್’ 1930ರ ದಶಕದಲ್ಲಿ ಶುದ್ಧ ಬೈಗುಳವಾಗಿತ್ತು, ಹೋಗಿ ಸಾಯಿ ಅಂತ. 1960–70ರ ಹೊತ್ತಿಗೆ ಫ್ಯಾಷನ್ ಲೋಕದವರು ಅದನ್ನೇ ಉಡುಪಿಗೂ ರೂಪಕ್ಕೂ ಹೊಗಳಿಕೆ ಮಾಡಿಕೊಂಡರು. ಕ್ರಶ್ ಅಂದರೆ ಜಜ್ಜುವುದು. ಅದಕ್ಕೆ ಪ್ರೇಮದ ಅರ್ಥ ಅಂಟಿದ್ದು 19ನೇ ಶತಮಾನದ ಕೊನೆಗೆ, ಅಮೆರಿಕದಲ್ಲಿ. ರಶ್ಮಿಕಾ ಮಂದಣ್ಣ ಅವರನ್ನು ಮಾಧ್ಯಮಗಳು ನ್ಯಾಷನಲ್ ಕ್ರಶ್ ಅಂತ ಕರೆದಾಗ ಇಡೀ ದೇಶವೇ ಜಜ್ಜಿಹೋಗಿದೆ ಅಂತಾಯ್ತು. ನಮ್ಮ ರವಿಚಂದ್ರನ್ ಅವರ ಬಿರುದು ಕ್ರೇಜಿ ಸ್ಟಾರ್. ಕ್ರೇಜಿ ಪದದ ಮೊದಲ ಅರ್ಥ ಹುಚ್ಚಲ್ಲ, ಬಿರುಕು ಬಿಟ್ಟ, ಒಡೆದ ಅಂತ. ಪಿಂಗಾಣಿ ಬಟ್ಟಲಿನ ಮೇಲೆ ಸಣ್ಣ ಸಣ್ಣ ಗೆರೆ ಬಿಡುತ್ತಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಈಗಲೂ ಅದೇ ಪದ.

ನಾವೇನು ಕಮ್ಮಿ? ರಮ್ಯಾ ಅವರನ್ನು ಮೋಹಕ ತಾರೆ ಅನ್ನುತ್ತೇವೆ. ಮೋಹ ಬಂದದ್ದು ‘ಮುಹ್’ ಧಾತುವಿನಿಂದ. ದಿಕ್ಕು ತಪ್ಪುವುದು, ತಲೆ ಕೆಡುವುದು, ಪ್ರಜ್ಞೆ ಹೋಗುವುದು ಎಲ್ಲ ಆ ಒಂದೇ ಧಾತುವಿನೊಳಗಿವೆ. ಹಾಗಾಗಿ ಸ್ವೂನ್‌ವರ್ದಿಗೆ ಮನಮೋಹಕ ಅಂತ ಹೇಳಿದರೆ ಅದು ಬರೀ ಹತ್ತಿರದ ಪದ ಅಲ್ಲ, ಹೆಚ್ಚುಕಮ್ಮಿ ಅದೇ ಪದ. ಮುಗ್ಧ ಕೂಡ ಅದೇ ಧಾತುವಿನದು, ಮೂಲದಲ್ಲಿ ದಿಗ್ಭ್ರಮೆಗೊಂಡವ. ದಿಗ್ಭ್ರಮೆಗೊಂಡವನಿಗೆ ಏನೂ ತಿಳಿಯುವುದಿಲ್ಲ, ಏನೂ ತಿಳಿಯದವನು ನಿಷ್ಪಾಪಿ, ಹೀಗೆ ಅರ್ಥ ಜಾರಿಕೊಂಡು ಬಂತು. ಮಂತ್ರಮುಗ್ಧ ಅನ್ನುವ ಜೋಡಿಪದದಲ್ಲಿ ಮಾತ್ರ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ.

ಅಮಲು, ಬಲಿ, ಜಜ್ಜು, ಬಿರುಕು, ಮೂರ್ಛೆ, ಸಾವು. ಯಾವ ಭಾಷೆಗೆ ಹೋದರೂ ಪ್ರೇಮದ ಪದಗಳು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನ ಹಾಗೆ ಕೇಳಿಸುತ್ತವೆ. ವಾತ್ಸ್ಯಾಯನ ಇದನ್ನು ಶಿಸ್ತಾಗಿ ಪಟ್ಟಿಯನ್ನೇ ಮಾಡಿಟ್ಟಿದ್ದಾನೆ. ಕಾಮಸೂತ್ರದಲ್ಲಿ ಪ್ರೇಮಕ್ಕೆ ಹತ್ತು ಅವಸ್ಥೆ. ಮೊದಲನೆಯದು ಕಣ್ಣಿನ ಪ್ರೀತಿ. ಆಮೇಲೆ ಮನಸ್ಸು ಅಂಟಿಕೊಳ್ಳುವುದು, ಅದನ್ನೇ ಯೋಚಿಸುವುದು, ನಿದ್ದೆ ಹೋಗುವುದು, ಬಡವಾಗುವುದು, ಬೇರೆ ಯಾವುದೂ ಬೇಡವಾಗುವುದು, ನಾಚಿಕೆ ಬಿಡುವುದು, ಹುಚ್ಚು. ಒಂಬತ್ತನೆಯದು ಮೂರ್ಛೆ, ಹತ್ತನೆಯದು ಮರಣ. ಅಂದರೆ ಸ್ವೂನ್‌ವರ್ದಿ ಒಂಬತ್ತನೇ ಮೆಟ್ಟಿಲಿನ ಪದ, ಡ್ರಾಪ್ ಡೆಡ್ ಹತ್ತನೆಯದು. ಡೇಟಿಂಗ್ ಆ್ಯಪಿನಲ್ಲಿ ಬಲಕ್ಕೆ ಉಜ್ಜುವುದು ಹೆಚ್ಚೆಂದರೆ ಒಂದನೆಯದು. ಒಂದನೇ ಮೆಟ್ಟಿಲಲ್ಲಿ ನಿಂತು ಒಂಬತ್ತನೆಯದರ ಪದ ಕೂಗುವವರು ಇವತ್ತು ಜಾಸ್ತಿ.

ಬಬ್ಬೂರಿನ ಹುಡುಗಿಗೆ ಇದರ ಸಾರಾಂಶ ಕಳಿಸಿದೆ. ಅಮ್ಮನಿಗೆ ಹೇಳೋದಾದರೆ, ನೋಡಿದವರು ತಲೆ ತಿರುಗಿ ಬೀಳಬೇಕು, ಹಾಗಿದ್ದಾಳೆ ಅಂತ ಹೇಳು ಅಂದೆ. ಸಂಜೆಗೆ ಉತ್ತರ ಬಂತು. ಅಮ್ಮ ಕೇಳಿದ್ದು ಒಂದೇ ಮಾತಂತೆ: “ಯಾರಾರ ಬಿದ್ರಾ?”

ಎರಡು ದಿನ ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತ್ತು. ಈ ಜೋಡಿಪದದ ಹೊಲಿಗೆ ಎಲ್ಲಿದೆ ಅಂತ ಅಮ್ಮ ಸರಿಯಾಗಿ ಬೆರಳಿಟ್ಟಿದ್ದಾರೆ. ಬೀಳುವವರು ಒಬ್ಬರು, ಪದ ಅಂಟುವುದು ಇನ್ನೊಬ್ಬರಿಗೆ. ಮೂರ್ಛೆ ನೋಡಿದವನದು. ಯೋಗ್ಯತೆಯ ಸರ್ಟಿಫಿಕೇಟು ನೋಡಿಸಿಕೊಂಡವಳದು. ಸ್ವೂನ್ ಅನ್ನುವ ಅರ್ಧ, ನನಗೆ ಹೀಗಾಯಿತು ಅನ್ನುವ ತಪ್ಪೊಪ್ಪಿಗೆ. ವರ್ದಿ ಅನ್ನುವ ಅರ್ಧ, ನಿನಗೆ ಇಷ್ಟು ಅಂಕ ಅನ್ನುವ ತೀರ್ಪು. ಎರಡನ್ನೂ ಒಂದೇ ದಾರದಲ್ಲಿ ಹೊಲಿದಾಗ ತಪ್ಪೊಪ್ಪಿಗೆ ಕಾಣೆಯಾಗಿ ತೀರ್ಪು ಮಾತ್ರ ಉಳಿಯುತ್ತೆ. ಎಫ್‌ಸಿ ಆಗಿದೆ ಸಾರ್.

ಕನ್ನಡದ ಕ್ರಿಯಾಪದಗಳು ಈ ವಿಷಯದಲ್ಲಿ ಪ್ರಾಮಾಣಿಕ. ಮನಸೋತೆ ಅನ್ನುತ್ತೇವೆ. ಸೋತದ್ದು ಯಾರು? ನಾನು. ಮರುಳಾದೆ. ಮರುಳು ಹಿಡಿದದ್ದು ಯಾರಿಗೆ? ನನಗೆ. ಬೆರಗಾದೆ, ಅದೂ ನಾನೇ. ‘ಇಷ್ಟ ಆದಳು’ ಅಂದಾಗ ಕೂಡ ಅದರ ಹಿಂದೆ ‘ನನಗೆ’ ಅನ್ನುವ ಪದ ಹೇಳದೆಯೂ ನಿಂತಿರುತ್ತೆ. ಮನಸೂರೆಯಲ್ಲಿ ಮಾತ್ರ ಸೂರೆ ಮಾಡಿದವಳು ಅವಳು, ಲೂಟಿಯಾದ ಮನೆ ನನ್ನದು. ಯಾವುದನ್ನು ತೆಗೆದುಕೊಂಡರೂ ಸೋತವನ ವಿಳಾಸ ಸ್ಪಷ್ಟವಾಗಿ ಬರೆದಿರುತ್ತೆ. ಇದೇ ಭಾವವನ್ನು ವಿಶೇಷಣಕ್ಕೆ ತಂದ ಕೂಡಲೇ, ಮನಮೋಹಕ, ಕಮನೀಯ, ಆಕರ್ಷಕ, ಸ್ವೂನ್‌ವರ್ದಿ, ವಿಳಾಸ ಅಳಿಸಿಹೋಗುತ್ತೆ. ಅವಳ ಮೈಬಣ್ಣದ ಹಾಗೆ, ಎತ್ತರದ ಹಾಗೆ, ಅದು ಅವಳ ಗುಣವಾಗಿಬಿಡುತ್ತೆ. ಹೊಗಳಿಕೆ ಆಗಿರುವಷ್ಟು ದಿನ ಯಾರಿಗೂ ತಕರಾರಿಲ್ಲ. ತೀರ್ಪು ತಿರುಗಿದ ದಿನ ಗೊತ್ತಾಗುತ್ತೆ.

ಯಾರಿಗೆ ಯಾರು ಬೀಳುತ್ತಾರೆ ಅನ್ನುವುದಕ್ಕೆ ಸರ್ಟಿಫಿಕೇಟು ಉಪಯೋಗಕ್ಕೆ ಬರುವುದಿಲ್ಲ ಅಂತ ಕನ್ನಡದಲ್ಲಿ 1209ರಲ್ಲೇ ಬರೆದಿಟ್ಟಿದ್ದಾರೆ. ಜನ್ನನ ಯಶೋಧರ ಚರಿತೆ. ರಾಣಿ ಅಮೃತಮತಿ ರೂಪವಂತ ರಾಜನ ಪಕ್ಕದಲ್ಲಿ ಮಲಗಿದ್ದಾಗ ರಾತ್ರಿಯಲ್ಲಿ ಆನೆಯ ಮಾವುತ ಹಾಡುವುದು ಕೇಳಿಸುತ್ತೆ. ಮುಖ ನೋಡಿಲ್ಲ. ದನಿಗೇ ಮನಸೋತಳು. ಬೆಳಿಗ್ಗೆ ದೂತಿಯನ್ನು ನೋಡಿಕೊಂಡು ಬಾ ಅಂತ ಕಳಿಸಿದಳು. ದೂತಿ ಹೋಗಿ ನೋಡಿದರೆ ಅವನು ಅಷ್ಟಾವಂಕ, ಮೈಯೆಲ್ಲ ಸೊಟ್ಟ. ಹೇಸಿಕೊಂಡು ಬಂದು ಅವನ ಒಂದೊಂದೇ ಅಂಗದ ಕುರೂಪ ಬಣ್ಣಿಸಿದಳು. ಮ್ಯಾಟ್ರಿಮೊನಿ ಪ್ರೊಫೈಲಿನ ಉಲ್ಟಾ ಅಂತ ಇಟ್ಟುಕೊಳ್ಳಿ. ರಾಣಿ ಕದಲಲಿಲ್ಲ. ಮುಂದಿನ ಕಥೆ ವಿಷ, ಕೊಲೆ, ಜನ್ಮಾಂತರ ಅಂತ ಬೇರೆ ದಾರಿ ಹಿಡಿಯುತ್ತೆ, ಜನ್ನನಿಗೆ ರಾಣಿಯನ್ನು ಹೊಗಳುವ ಉದ್ದೇಶವೂ ಇರಲಿಲ್ಲ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನೋಡಿದವರಿಗೆ ಈ ಕಥೆ ಗೊತ್ತಿರುತ್ತೆ. ಇಲ್ಲಿ ನನಗೆ ಬೇಕಾದದ್ದು ಆ ದೂತಿ ಮಾತ್ರ. ಅವಳು ಹೇಳಿದ ಪ್ರತಿಯೊಂದು ವಿವರವೂ ಸತ್ಯ. ಆ ಯಾವ ವಿವರಕ್ಕೂ ರಾಣಿಗೆ ಆದದ್ದಕ್ಕೂ ಸಂಬಂಧವೇ ಇಲ್ಲ. ಸಿನಾಟ್ರಾ ಕೂಡ ಬಹಳ ಸಣಕಲ ಮನುಷ್ಯ. ಹುಡುಗಿಯರು ಬಿದ್ದದ್ದು ದನಿಗೆ.

ಈಗ ‘ಸುಮಾರು’. ಪರ್ಷಿಯನ್ನಿನ ‘ಶುಮಾರ್’ ಅದರ ಮೂಲ. ಅರ್ಥ ಎಣಿಕೆ, ಲೆಕ್ಕ. ಕನ್ನಡಕ್ಕೆ ಬಂದ ಮೇಲೆ ಅಂದಾಜು ಲೆಕ್ಕ ಅಂತಾಯ್ತು. ಸುಮಾರು ಇಪ್ಪತ್ತು ಜನ, ಸುಮಾರು ಎರಡು ಮೈಲಿ. ಅಂದಾಜು ಮಾಡಿದ್ದು ಪೂರ್ತಿ ಪಕ್ಕಾ ಅಲ್ಲ, ಪಕ್ಕಾ ಅಲ್ಲದ್ದು ಅಷ್ಟಕ್ಕಷ್ಟೇ, ಹೀಗೆ ಅದು ರೂಪಕ್ಕೂ ಅಡುಗೆಗೂ ಸಿನಿಮಾಕ್ಕೂ ಬಂದು ಕೂತಿತು. ಆದರೆ ಅದರ ಬೇರು ಗಮನಿಸಿ. ಎಣಿಸುವವನಿಗೆ ಸರಿಯಾಗಿ ಎಣಿಸಲಾಗದಿದ್ದಾಗ ಬಳಸುವ ಪದ ಅದು. ಇಪ್ಪತ್ತು ಜನ ಅಂತ ಖಚಿತ ಗೊತ್ತಿಲ್ಲದವನು ಸುಮಾರು ಇಪ್ಪತ್ತು ಅನ್ನುತ್ತಾನೆ. ಅಲ್ಲಿ ಸುಮಾರಾಗಿರುವುದು ಜನ ಅಲ್ಲ, ಅವನ ಎಣಿಕೆ. ಅರ್ಧ ಗಂಟೆ ಕೂತು ಮಂಡಕ್ಕಿ ತಿಂದು ಹೋದವರು ಒಂದು ಅಂದಾಜು ಹೇಳಿದ್ದಾರೆ, ನೋಡಿದವರ ಕಡೆಯ ಲೆಕ್ಕ. ಅದನ್ನು ಸೋದರಮಾವ ಹುಡುಗಿಯ ಮೈಮೇಲೆ ತಂದು ಅಂಟಿಸಿದ್ದಾರೆ.

ಈ ಅಂಟಿಸುವ ಕೆಲಸಕ್ಕೆ ನಮ್ಮ ಮನೆಗಳಲ್ಲಿ ಇನ್ನೂ ಬಲವಾದ ಗೋಂದು ಒಂದಿದೆ: ಲಕ್ಷಣ. ಹುಡುಗಿ ಲಕ್ಷಣವಾಗಿದ್ದಾಳೆ. ಲಕ್ಷಣ ಅಂದರೆ ಗುರುತು, ಚಿಹ್ನೆ. ಸಾಮುದ್ರಿಕಾ ಶಾಸ್ತ್ರದವರು ಹುಬ್ಬು ಹೀಗಿರಬೇಕು, ಪಾದ ಹಾಗಿರಬೇಕು ಅಂತ ಗುರುತುಗಳ ಪಟ್ಟಿ ಮಾಡಿದರು. ಆ ಪಟ್ಟಿಗೆ ಹೊಂದಿದರೆ ಲಕ್ಷಣ, ಹೊಂದದಿದ್ದರೆ ಅವಲಕ್ಷಣ. ಇಂಗ್ಲಿಷಿನ ‘ಗುಡ್ ಲುಕಿಂಗ್’ ಕೂಡ ವಿಚಿತ್ರವೇ. ವ್ಯಾಕರಣ ಹಿಡಿದು ಓದಿದರೆ ಚೆನ್ನಾಗಿ ನೋಡುವವನು ಅನ್ನಿಸುತ್ತೆ, ಆದರೆ ಅರ್ಥ ಚೆನ್ನಾಗಿ ಕಾಣುವವನು. ನೋಡುವ ಕಣ್ಣೇ ಮಾಯವಾಗಿ ನೋಡಿಸಿಕೊಂಡವನ ಹೆಗಲಿಗೆ ಕೆಲಸ ದಾಟಿದೆ. ವಧುವರ ಅಂಕಣದಲ್ಲಿ ಅದರ ಜೊತೆ ಬರುವ ‘ಫೇರ್’ ಪದವಂತೂ ಮೊದಲು ಬರೀ ಚೆಲುವಾದ ಅಂತಿತ್ತು. ಬಿಳಿ ಬಣ್ಣದ ಅರ್ಥ ಆಮೇಲೆ ಹತ್ತಿದ್ದು. ಹತ್ತಿದ್ದು ಇಳಿಯಲೇ ಇಲ್ಲ.

ಲಕ್ಷಣಕ್ಕೆ ಕನ್ನಡ ಸಾಹಿತ್ಯದಲ್ಲಿ ಇನ್ನೊಂದು ಅರ್ಥ ಇದೆ, ಕಾಲೇಜಲ್ಲಿ ಕನ್ನಡ ಓದಿದವರಿಗೆ ನೆನಪಿರಬಹುದು. ಲಕ್ಷಣ ಗ್ರಂಥ ಅಂದರೆ ವ್ಯಾಕರಣ, ಛಂದಸ್ಸು, ಅಲಂಕಾರದ ಪುಸ್ತಕ. ಕೇಶಿರಾಜನ ಶಬ್ದಮಣಿದರ್ಪಣ ಅಂಥದ್ದು. ಹಾಗಾಗಿ ಹುಡುಗಿ ಲಕ್ಷಣವಾಗಿದ್ದಾಳೆ ಅನ್ನುವುದೂ, ಹುಡುಗಿ ವ್ಯಾಕರಣಬದ್ಧವಾಗಿದ್ದಾಳೆ ಅನ್ನುವುದೂ ದೂರದ ಮಾತಲ್ಲ. ನಗಬೇಡಿ, ಇಂಗ್ಲಿಷಿನ ‘ಗ್ಲಾಮರ್’ ನಿಜವಾಗಿಯೂ ‘ಗ್ರಾಮರ್’ ಪದದಿಂದಲೇ ಹುಟ್ಟಿದ್ದು. ಮಧ್ಯಯುಗದಲ್ಲಿ ಓದುಬರಹ ಬಲ್ಲವನು ಅಂದರೆ ಮಂತ್ರ ಮಾಟವನ್ನೂ ಬಲ್ಲವನು ಅನ್ನುವ ನಂಬಿಕೆ. ಸ್ಕಾಟ್ಲೆಂಡಿನವರ ಬಾಯಲ್ಲಿ ಗ್ರಾಮರ್ ಗ್ಲಾಮರ್ ಆಗಿ, ಕಣ್ಣಿಗೆ ಕಟ್ಟುವ ಮಾಯೆ ಅಂತಾಗಿ, ವಾಲ್ಟರ್ ಸ್ಕಾಟನ ಬರಹಗಳಿಂದ ಎಲ್ಲೆಡೆ ಹಬ್ಬಿತು. ಸಿನಿಮಾ ಪೋಸ್ಟರಿಗೆ ಬಂದದ್ದು ಬಹಳ ಆಮೇಲೆ.

ಇದಕ್ಕೆ ತಕ್ಕ ಜೋಡಿ ಕನ್ನಡದಲ್ಲೂ ಇದೆ, ನನಗೆ ಬಹಳ ಇಷ್ಟವಾದದ್ದು. ಬಿನ್ನಾಣ. ಬಿನ್ನಾಣಗಿತ್ತಿ ಅಂದರೆ ಒಯ್ಯಾರ ಮಾಡಿ ಮರುಳು ಮಾಡುವವಳು. ಈ ಬಿನ್ನಾಣ ಯಾವ ಪದದ ತದ್ಭವ ಗೊತ್ತಾ? ವಿಜ್ಞಾನ. ವಿಶೇಷವಾದ ತಿಳಿವು, ಕುಶಲತೆ, ಕೈಚಳಕ, ಆಮೇಲೆ ಕಣ್ಚಳಕ, ಹೀಗೆ ಇಳಿಯುತ್ತ ಬಂತು. ಆ ಕಡೆ ವ್ಯಾಕರಣ ಗ್ಲಾಮರ್ ಆಯಿತು, ಈ ಕಡೆ ವಿಜ್ಞಾನ ಬಿನ್ನಾಣ ಆಯಿತು. ಬೆಡಗು ಕೂಡ ಇದೇ ದಾರಿಯ ಪಯಣಿಗ. ಬೆಡಗಿ ಅಂದರೆ ಚೆಲುವೆ, ಬೆಡಗಿನ ವಚನ ಅಂದರೆ ಒಗಟಿನಂಥ ವಚನ. ಈ ಪದಗಳೆಲ್ಲ ಹೇಳುವುದು ಅಂಕ ಅಲ್ಲ. ಎದುರಿಗಿರುವವರು ಏನೋ ಬಲ್ಲವರು, ನನಗೆ ಬಿಡಿಸಲಾಗದ್ದನ್ನು ಬಲ್ಲವರು ಅಂತ. ವರ್ದಿ ಬಾಲದ ಪದಗಳಿಗಿಂತ ಇವು ನನಗೆ ಎಷ್ಟೋ ಸಭ್ಯ ಅನ್ನಿಸುತ್ತವೆ.

ಬಬ್ಬೂರು ಅಂದರೆ ಬೆಂಗಳೂರಿನ ಕೆಲವರಿಗೆ ನೆನಪಾಗುವುದು ವಧುವರ ಅಂಕಣದಲ್ಲಿ ಕಾಣುವ ಬಬ್ಬೂರುಕಮ್ಮೆ ಅನ್ನುವ ಹೆಸರು. ಹಿರಿಯೂರು ಕಡೆಯವರಿಗೆ ನೆನಪಾಗುವುದು ಬಬ್ಬೂರು ಫಾರಂ. ಶೇಂಗಾಕ್ಕೆ ರೋಗ ಬಂತು, ಮಣ್ಣು ಪರೀಕ್ಷೆ ಮಾಡಿಸಬೇಕು ಅಂದರೆ ರೈತರು ಹೋಗುವ ಜಾಗ. ಅಲ್ಲಿರುವ ಸಂಸ್ಥೆಯ ಹೆಸರು ಕೃಷಿ ವಿಜ್ಞಾನ ಕೇಂದ್ರ. ಈ ಬೋರ್ಡಿನ ಮುಂದೆ ನಮ್ಮ ಓದುಗಳು ಚಿಕ್ಕಂದಿನಿಂದ ನೂರು ಸಲ ಓಡಾಡಿರಬೇಕು. ಅದರ ಮೇಲಿರುವುದು ಮೂರೇ ಪದ. ಮೂರಕ್ಕೂ ಅವಳ ಪ್ರಶ್ನೆಗೂ ನಂಟಿದೆ.

ಮಧ್ಯದ ವಿಜ್ಞಾನದೊಳಗೆ ಬಿನ್ನಾಣ ಅಡಗಿರುವುದನ್ನು ಆಗಲೇ ನೋಡಿದೆವು. ಮೊದಲನೆಯದು ಕೃಷಿ. ಅದು ‘ಕೃಷ್’ ಧಾತುವಿನದು, ಅರ್ಥ ಎಳೆಯುವುದು. ನೇಗಿಲು ಎಳೆದರೆ ಕೃಷಿ. ಅದೇ ಧಾತುವಿಗೆ ‘ಆ’ ಸೇರಿಸಿ ಕಡೆಗೆ ಎಳೆದರೆ ಆಕರ್ಷಣೆ. ಆಕರ್ಷಕ ಹುಡುಗ ಮತ್ತು ಕೃಷಿಕ ಹುಡುಗ ಒಂದೇ ಧಾತುವಿನ ಮಕ್ಕಳು. ಹಳ್ಳಿಯಲ್ಲಿ ಹೊಲ ನೋಡಿಕೊಂಡಿರುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಅಂತ ಚಿತ್ರದುರ್ಗದ ಕಡೆ ಮನೆಮನೆಯಲ್ಲೂ ಮಾತು, ಆದರೆ ಪದದ ಲೆಕ್ಕದಲ್ಲಿ ಆಕರ್ಷಣೆಯ ಮೊದಲ ಹಕ್ಕುದಾರ ಅವನೇ. ಇಂಗ್ಲಿಷಿಗೆ ಹೋದರೂ ಅಷ್ಟೇ. ‘ಅಟ್ರ್ಯಾಕ್ಟಿವ್’ ಬಂದದ್ದು ಲ್ಯಾಟಿನ್ನಿನ ಎಳೆ ಅನ್ನುವ ಪದದಿಂದ. ಟ್ರ್ಯಾಕ್ಟರ್ ಬಂದದ್ದೂ ಅಲ್ಲಿಂದಲೇ. ಸಂಸ್ಕೃತದ ಕೃಷ್‌ಗೂ ಲ್ಯಾಟಿನ್ನಿನ ಆ ಪದಕ್ಕೂ ರಕ್ತಸಂಬಂಧ ಇಲ್ಲ, ಇಬ್ಬರೂ ಬೇರೆ ಬೇರೆಯಾಗಿ ಒಂದೇ ಯೋಚನೆಗೆ ಬಂದರು. ಕನ್ನಡವೂ ತನ್ನ ಪಾಡಿಗೆ ಅಲ್ಲಿಗೇ ಬಂತು: ಮನ ಸೆಳೆಯಿತು, ಕಣ್ಣು ಸೆಳೆಯಿತು. ಮಳೆ ಬಂದು ವೇದಾವತಿ ಹರಿದ ವರ್ಷ ನೀರಿಗಿಳಿದವರಿಗೆ ಸೆಳೆತ ಅಂದರೇನು ಅಂತ ಮೊಣಕಾಲಿಗೇ ಗೊತ್ತಾಗುತ್ತೆ.

ಎಳೆಯುವುದಕ್ಕೆ ಒಂದು ಗುಣ ಇದೆ. ಎಳೆಯಲು ಎರಡು ಕಡೆ ಬೇಕು. ಎತ್ತು ಒಂದೇ ಇದ್ದು ನೇಗಿಲು ಇಲ್ಲದಿದ್ದರೆ ಅದಕ್ಕೆ ಉಳುಮೆ ಅನ್ನಲ್ಲ. ಎತ್ತು ಎಷ್ಟು ಬಲವಾಗಿದ್ದರೂ ನೆಲ ಯಾವುದು, ಹದ ಹೇಗಿದೆ ಅನ್ನುವುದರ ಮೇಲೆ ಸಾಲು ಬೀಳುತ್ತೆ. ಎರೆಹೊಲದಲ್ಲಿ ಕಚ್ಚಿಕೊಳ್ಳುವ ನೇಗಿಲು ಗರಸು ಮಣ್ಣಿನಲ್ಲಿ ಜಾರಬಹುದು. ಅದಕ್ಕೆ ಯಾರೂ ನೇಗಿಲು ಸುಮಾರು ಅನ್ನುವುದಿಲ್ಲ.

ಬೋರ್ಡಿನ ಮೂರನೇ ಪದ ಕೇಂದ್ರ. ಇದು ಅಪ್ಪಟ ಸಂಸ್ಕೃತ ಅಂತ ಬಹಳ ಜನ ನಂಬಿದ್ದಾರೆ. ಗ್ರೀಕರಿಂದ ಜ್ಯೋತಿಷ್ಯ, ಖಗೋಳ ಲೆಕ್ಕಗಳ ಜೊತೆ ಬಂದ ಪದ ಅದು, ಮೂಲದಲ್ಲಿ ಕೆಂಟ್ರಾನ್. ವೃತ್ತ ಎಳೆಯುವಾಗ ಕೈವಾರದ ಮೊನೆ ಊರುವ ಜಾಗ ಅನ್ನುವುದು ಅದಕ್ಕೆ ಆಮೇಲೆ ಬಂದ ಅರ್ಥ. ಅದಕ್ಕೂ ಮೊದಲು ಗ್ರೀಕ್ ರೈತರಿಗೆ ಅದು ಎತ್ತಿನ ಬೆನ್ನಿಗೆ ತಿವಿಯುವ ಚೂಪು ಕೋಲು.